ಮಸಿ ತೊಳೆದ ಗೋಡೆ

ಸುವಂತೊ, ಮಿನ್ನೆಸೋಟಾ
14 ಮೇ 1979

ತಮ್ಮ ಆರ್ವೋ,

ಫೋನ್ ಮಾಡೋಣ ಅಂದುಕೊಂಡಿದ್ದೆ. ಆದರೆ ನಿಮ್ಮ ಮನೆಯಲ್ಲಿ ಫೋನ್ ಎತ್ತುವುದು ನಿನ್ನ ಹೆಂಡತಿ ಡೊಲೊರೆಸ್. ಟೂಸಾನಿನ ಬಿಸಿಲು, ನಿನ್ನ ಮೊಣಕಾಲು, ಮೊಮ್ಮಕ್ಕಳ ಹಲ್ಲು ಎಲ್ಲ ಅವಳೊಂದಿಗೆ ಮಾತಾಡಿ ಮುಗಿಸುವ ಹೊತ್ತಿಗೆ ನನ್ನ ಕೋಪ ಇಳಿದುಹೋಗುತ್ತದೆ. ಈ ಕೋಪ ಇಳಿಯಬಾರದು. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಪಾರ್ಕಿಗೆ ಹೋಗಿದ್ದೆ. ಸರೋವರದ ಮಂಜುಗಡ್ಡೆ ಈಚೆಗಷ್ಟೇ ಕರಗಿದೆ, ನೀರುಕೋಳಿಗಳು ವಾಪಸ್ ಬಂದಿವೆ. ಗೇಟಿನವನು ಸ್ಟಿಕ್ಕರ್ ಅಂಟಿಸದೆ ಕಾರನ್ನು ಒಳಗೆ ಬಿಡುವುದಿಲ್ಲ ಎಂದ.

"ಇದು ನಮ್ಮಪ್ಪನ ಹುಲ್ಲುಗಾವಲು ಕಣಪ್ಪ," ಎಂದೆ.

"ಇರಬೋದಮ್ಮ. ಈಗ ಪಾರ್ಕಿಂಗು," ಎಂದ.

ಅದನ್ನು ನುಂಗಿಕೊಂಡೆ. ಸರ್ಕಾರ ಪಾರ್ಕು ಮಾಡಲು ನಮ್ಮನ್ನು ಎಬ್ಬಿಸಿದ ವರ್ಷದಿಂದ ನುಂಗಿ ಅಭ್ಯಾಸವಾಗಿದೆ. ಮನೆ ಕೆಡವಿದರು, ಕೊಟ್ಟಿಗೆ ಕೆಡವಿದರು. ನೀರಿನಂಚಿನಲ್ಲಿದ್ದ ಸೌನಾವನ್ನು, ನಮ್ಮ ಆ ಆವಿಸ್ನಾನದ ಗುಡಿಸಲನ್ನು, ಮಾತ್ರ ದೋಣಿಯ ಹುಟ್ಟು ಇಡಲು ಅನುಕೂಲವೆಂದು ಬಿಟ್ಟರು. ಈಗ ಅದರ ಮೇಲೆ ಕಣ್ಣು ಬಿದ್ದಿದೆ. ಹಳೆಯ ವಸತಿಗಾರರ ಕಾಲುದಾರಿ ಅಂತ ಒಂದು ಮಾಡುತ್ತಿದ್ದಾರೆ. ಜೂನ್ 24ಕ್ಕೆ ಉದ್ಘಾಟನೆ, ಸರಿಯಾಗಿ ನಡುಬೇಸಿಗೆ ಹಬ್ಬದ ದಿನ. ಆ ದಾರಿಯ ಕೊನೆಯಲ್ಲಿ ನಮ್ಮ ಸೌನಾ. ಬಾಗಿಲ ಪಕ್ಕ ಹೊಸ ಬೋರ್ಡು. ಅಕ್ಷರಕ್ಕೆ ಅಕ್ಷರ ಬರೆಯುತ್ತೇನೆ:

"ಮೀನು ಹೊಗೆಯಾಡಿಸುವ ಗುಡಿಸಲು. ಫಿನ್ಲೆಂಡಿನಿಂದ ಬಂದ ರಂಟಾ ಕುಟುಂಬದವರು ಚಳಿಗಾಲದ ಊಟಕ್ಕೆಂದು ಮೀನನ್ನು ಇಲ್ಲಿ ಹೊಗೆಯಲ್ಲಿ ಒಣಗಿಸುತ್ತಿದ್ದರು."

ಒಳಗೆ ಹೋದರೆ ತೊಲೆಗೆ ಕೊಕ್ಕೆ ಹೊಡೆದು, ಮರದಲ್ಲಿ ಕೆತ್ತಿ ಬೆಳ್ಳಿ ಬಣ್ಣ ಬಳಿದ ಮೀನುಗಳನ್ನು ನೇತುಹಾಕಿದ್ದಾರೆ. ಅಮ್ಮ ನಮ್ಮಿಬ್ಬರನ್ನೂ ಹೆತ್ತ ಹಲಗೆಯ ಮೇಲೆ ಉಪ್ಪಿನ ಪೀಪಾಯಿ ಇಟ್ಟಿದ್ದಾರೆ. ಇಷ್ಟೇ ಆಗಿದ್ದರೆ ನಗುತ್ತಿದ್ದೆನೇನೋ. ಗೋಡೆ ತೊಳೆದುಬಿಟ್ಟಿದ್ದಾರೆ, ಆರ್ವೋ. ಸೋಪು ಹಾಕಿ ತಂತಿ ಬ್ರಷ್‌ನಲ್ಲಿ ಉಜ್ಜಿ ಮರವನ್ನು ಬೆಳ್ಳಗೆ ಮಾಡಿದ್ದಾರೆ. ಚಿಮಣಿಯಿಲ್ಲದ ಸೌನಾದಲ್ಲಿ ಮಸಿಯೇ ಶುಚಿ, ಅದಕ್ಕೇ ಹೆರಿಗೆಗೆ ಅಲ್ಲಿಗೆ ಹೋಗುವುದು ಎಂದು ಅಮ್ಮ ಹೇಳುತ್ತಿದ್ದಳಲ್ಲ. ಅಷ್ಟು ಚಳಿಗಾಲಗಳ ಮಸಿ ಒಂದು ಮಧ್ಯಾಹ್ನಕ್ಕೆ ಬಕೆಟ್ಟಿನಲ್ಲಿ ಹೋಯಿತು.

ಅಲ್ಲಿ ಕ್ಯಾರಲ್ ಎಂಬ ಗೈಡ್ ಇದ್ದಳು. "ಚೆನ್ನಾಗಿ ಕ್ಲೀನ್ ಮಾಡಿದೀವಿ ಅಲ್ವಾ?" ಎಂದು ಕೇಳಿದಳು. ಮೀನಿನ ಕಥೆ ಯಾರು ಹೇಳಿದರು ಎಂದೆ. "ಗೊತ್ತಿರೋರನ್ನೇ ಕೇಳಿದೀವಿ," ಎಂದಳು. ನನ್ನನ್ನು ಯಾರೂ ಕೇಳಲಿಲ್ಲ. ಮದುವೆಯಾಗಿ ಹ್ಯಾಗನ್ ಆದ ಮೇಲೆ ನಾನು ರಂಟಾ ಮನೆಯ ಮಗಳೆಂದು ಆ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ಜಮೀನಿನ ಕಾಗದದಲ್ಲಿ ವಾರಸುದಾರ ಅಂತ ಇರುವುದು ನಿನ್ನ ಹೆಸರು. ನೀನು ಮ್ಯಾನೇಜರ್ ಲಿಂಡಾಲ್‌ಗೆ ನಾಲ್ಕು ಸಾಲು ಬರೆ. ಅದು ಸೌನಾ, ನಾವು ಹುಟ್ಟಿದ ಜಾಗ, ಅಷ್ಟು ಸಾಕು.

24ಕ್ಕೆ ಅಮ್ಮನನ್ನು ವೃದ್ಧಾಶ್ರಮದಿಂದ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದೇನೆ. ಆ ಮೀನುಗಳ ಕೆಳಗೆ ಅವಳನ್ನು ನಿಲ್ಲಿಸಲಾರೆ.

ಸೈಮಾ


ಟೂಸಾನ್, ಅರಿಜೋನಾ
21 ಮೇ 1979

ಅಕ್ಕ,

ನಿನ್ನ ಪತ್ರ ಬಂತು. ಮೊಣಕಾಲು ಹಾಗೇ ಇದೆ. ಇಲ್ಲಿ ಈಗಲೇ ಬೀದಿಯಲ್ಲಿ ಕಾಲಿಡಲಾಗದಷ್ಟು ಬಿಸಿಲು. ಡೊಲೊರೆಸ್ ಹಿತ್ತಲಲ್ಲಿ ನಿಂಬೆ ಗಿಡ ಹಾಕಿದ್ದಾಳೆ, ಕಾಯಿ ಬಿಟ್ಟಿದೆ.

ಬೋರ್ಡಿನ ವಿಷಯ. ಬೀಳಬೇಕಾಗಿದ್ದ ಒಂದು ಗುಡಿಸಲನ್ನು ಸರ್ಕಾರದವರು ನಿಲ್ಲಿಸಿದ್ದಾರೆ. ಚಾವಣಿ ಸರಿಮಾಡಿದ್ದಾರೆ ತಾನೆ? ಅದನ್ನು ನೀನು ಬರೆದಿಲ್ಲ. ಅಪ್ಪ ಶರತ್ಕಾಲದಲ್ಲಿ ಒಂದೆರಡು ಸಲ ಅಲ್ಲಿ ಮೀನು ಹೊಗೆಯಾಡಿಸಿದ್ದೂ ಉಂಟು. ಪೂರ್ತಿ ಸುಳ್ಳೇನಲ್ಲ. ಬೇಸಿಗೆಯಲ್ಲಿ ಅಲ್ಲಿಗೆ ಬರುವವರು ಮಕ್ಕಳನ್ನು ದೋಣಿಗೆ ಹತ್ತಿಸುವ ಮೊದಲು ಒಂದು ನಿಮಿಷ ನಿಂತು ಓದುತ್ತಾರೆ, ಮರೆಯುತ್ತಾರೆ. ಮೀನಾದರೇನು, ಮೈ ತೊಳೆಯುವುದಾದರೇನು ಅವರಿಗೆ?

ಸರ್ಕಾರದವರೊಡನೆ ಜಗಳಕ್ಕೆ ನಿಲ್ಲಬೇಡ. ಗೆದ್ದವರನ್ನು ನಾನು ನೋಡಿಲ್ಲ. ಅಮ್ಮನನ್ನು ಆ ಗದ್ದಲಕ್ಕೆ ಕರೆದುಕೊಂಡು ಹೋಗುವುದೂ ಬೇಡ. ಅವಳ ಸೊಂಟಕ್ಕೆ ಆ ದಾರಿ ಆಗದು.

ಆರ್ವೋ


ಸುವಂತೊ
28 ಮೇ 1979

ಆರ್ವೋ,

ಚಾವಣಿ ಸರಿಮಾಡಿದ್ದಾರೆ. ಬರೆದಿರಲಿಲ್ಲ, ಈಗ ಬರೆದೆ. ನಿಂಬೆ ಗಿಡಕ್ಕೆ ನನ್ನ ನಮಸ್ಕಾರ ತಿಳಿಸು.

ನೀನು ನಾಲ್ಕು ಸಾಲು ಬರೆಯಲಿಲ್ಲ, ಸರಿ. ನಾನೇ ಲಿಂಡಾಲ್ ಬಳಿ ಹೋದೆ. ಪಾರ್ಕಿನ ಆ ದೊಡ್ಡ ಮರದ ದಿಮ್ಮಿಯ ಕಟ್ಟಡದಲ್ಲಿ, ಬೆಂಕಿಗೂಡಿನ ಪಕ್ಕ ಅವನ ಮೇಜು. ನಲವತ್ತರ ಗಂಡಸು, ಇಸ್ತ್ರಿ ಮಾಡಿದ ಹಸಿರು ಅಂಗಿ.

"ಮೇಡಂ, ಇದು ನಾವು ಕೂತು ಕಟ್ಟಿದ ಕಥೆ ಅಲ್ಲ. ಅಲ್ಲೇ ಬೆಳೆದೋರು ಹೇಳಿದ್ದು," ಎಂದ.

"ಯಾರು? ಹೆಸರು ಹೇಳಿ."

"ಹೇಳೋ ಹಾಗಿಲ್ಲ."

"ಅಲ್ಲೇ ಹುಟ್ಟಿದವಳು ನಿಮ್ಮೆದುರಿಗೆ ನಿಂತಿದೀನಲ್ಲ. ನನ್ನ ಮಾತು ಸಾಲದಾ?"

"ಹುಟ್ಟಿದ್ದು ಯಾರಿಗೂ ನೆನಪಿರಲ್ಲ ಮೇಡಂ."

"ನಿಮ್ಮಜ್ಜ ಸ್ವೀಡನ್ನಿಂದ ಹಡಗು ಹತ್ತಿದ್ದೂ ನಿಮಗೆ ನೆನಪಿಲ್ಲ. ಆದ್ರೂ ಗೋಡೆ ಮೇಲೆ ಆ ಹಡಗಿನ ಚಿತ್ರ ಹಾಕ್ಕೊಂಡಿದೀರಿ."

ಅವನ ಕಿವಿ ಕೆಂಪಾಯಿತು. ಆಮೇಲೆ ದನಿ ತಗ್ಗಿಸಿ ಹೇಳಿದ: "ನೋಡಿ, ಹೇಳಿದೋರೇ ಆ ಮಾತನ್ನ ವಾಪಸ್ ತಗೊಂಡು ಬರೆದುಕೊಟ್ರೆ ಮಾರನೇ ದಿನವೇ ಬೋರ್ಡ್ ಬದಲಾಯಿಸ್ತೀನಿ. ಇಲ್ದಿದ್ರೆ ದಾರೀಲಿ ಹೋಗೋರೆಲ್ಲ ಬಂದು ನಮ್ಮ ಅಜ್ಜಿ ಹೀಗಂದಿದ್ಲು ಅಂತಾರೆ."

ದಾರಿಯಲ್ಲಿ ಹೋಗುವವಳು ನಾನು. ಆಗಲಿ.

ಅಲ್ಲೇ ಬೆಳೆದವರು ಇನ್ಯಾರು ಉಳಿದಿದ್ದಾರೆ? ಎಮಿಲ್ ಪೆಲ್ಟೊ. ಅವರ ತೋಟ ನಮ್ಮದಕ್ಕೆ ಅಂಟಿಕೊಂಡೇ ಇತ್ತು, ನಮ್ಮ ಸೌನಾಕ್ಕೆ ಪ್ರತಿ ಶನಿವಾರ ಬರುತ್ತಿದ್ದರು. ನಿನ್ನೆ ಚರ್ಚು ಮುಗಿದು ಕೆಳಗಿನ ಹಾಲಿನಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಅವನ ಮುಂದೆ ನಿಂತು ಕೇಳಿದೆ:

"ಎಮಿಲ್, ನಮ್ಮ ಸೌನಾ ಮೀನಿನ ಗೂಡಾ?"

"ಯಾವ ಮೀನು?"

"ನಾಟಕ ಬೇಡ. ನಿಮ್ಮಮ್ಮನ ಬೆನ್ನು ತಿಕ್ಕಿದ ಜಾಗ ಅದು. ಅಷ್ಟು ವರ್ಷ ನಮ್ಮ ನೀರಲ್ಲಿ ಮಿಂದು ಈಗ ಪಾರ್ಕಿನೋರ ಕಿವಿ ಊದೋಕೆ ಹೋಗಿದೀಯಲ್ಲ, ನಾಚಿಕೆ ಆಗಲ್ವಾ?"

ಏಲಕ್ಕಿ ಹಾಕಿದ ಪುಲ್ಲಾ ಬ್ರೆಡ್ಡನ್ನು ಅರ್ಧ ತಿಂದವನು ಹಾಗೇ ತಟ್ಟೆಯಲ್ಲಿಟ್ಟು, ಟೋಪಿ ತೆಗೆದುಕೊಂಡು ಎದ್ದು ಹೋದ. ತಪ್ಪು ಮಾಡಿದವನು ಹಾಗೇ ಹೋಗುವುದು. ಇಡೀ ಹಾಲು ನೋಡಿತು. ನೋಡಲಿ.

ಅವನು ಬರೆದುಕೊಡುವವರೆಗೆ ಬಿಡುವುದಿಲ್ಲ. ನೀನೂ ಅವನಿಗೆ ಒಂದು ಕಾಗದ ಹಾಕು. ನಿನ್ನ ಜತೆ ಓದಿದವನು, ನಿನ್ನ ಮಾತು ಕೇಳುತ್ತಾನೆ.

ಸೈಮಾ


ಟೂಸಾನ್
2 ಜೂನ್ 1979

ಅಕ್ಕ,

ಎಮಿಲ್‌ನನ್ನು ಬಿಟ್ಟುಬಿಡು. ಅವನು ಏನೂ ಹೇಳಿರಲಾರ, ಅಂಥವನಲ್ಲ. ಹಾಲಿನಲ್ಲಿ ಎಲ್ಲರೆದುರು ಹಾಗೆ ಕೇಳಿದ್ದು ಸರಿಯಲ್ಲ.

ಯಾರು ಹೇಳಿದ್ದಾದರೂ ಇರಲಿ, ಕೆಟ್ಟ ಮನಸ್ಸಿನಿಂದ ಹೇಳಿರುವುದಿಲ್ಲ. ಈ ಕಾಲೇಜಿನ ಹುಡುಗಿಯರು ಬಂದು ಸೋಫಾದ ತುದಿಯಲ್ಲಿ ಕೂತು, ಟೇಪ್ ರೆಕಾರ್ಡರನ್ನು ಮಡಿಲಲ್ಲಿಟ್ಟುಕೊಂಡು, ಹೇಳಿ ಹೇಳಿ ಅನ್ನುತ್ತಾರೆ. ಆ ಕೆಂಪು ದೀಪ ಹತ್ತಿದ ಮೇಲೆ ಮನುಷ್ಯ ಬಾಯಿಗೆ ಬಂದದ್ದನ್ನು ಹೇಳಿ ಅವರನ್ನು ಕಳಿಸುತ್ತಾನೆ. ಅದು ಬೋರ್ಡಿಗೆ ಹೋಗುತ್ತದೆಂದು ಅವನಿಗೇನು ಗೊತ್ತು.

ಈ ವಿಷಯ ಇಲ್ಲಿಗೆ ಬಿಡೋಣ. ನಿನ್ನ ರಕ್ತದ ಒತ್ತಡ ನೋಡಿಕೊ.

ಆರ್ವೋ


ಸುವಂತೊ
7 ಜೂನ್ 1979

ಆರ್ವೋ,

ಕ್ಯಾರಲ್ ಕಾಲೇಜಿನ ಹುಡುಗಿ ಎಂದು ನಾನು ಬರೆದಿರಲಿಲ್ಲ. ಟೇಪ್ ರೆಕಾರ್ಡರ್ ವಿಷಯ ನನಗೇ ಗೊತ್ತಿರಲಿಲ್ಲ. ಅದರ ದೀಪ ಕೆಂಪೋ ಹಸಿರೋ ಎಂದು ಸುವಂತೊದಲ್ಲಿ ಯಾರಿಗೂ ಗೊತ್ತಿಲ್ಲ.

ನಿನ್ನ ಪತ್ರ ಹಿಡಿದುಕೊಂಡೇ ಪಾರ್ಕಿಗೆ ಹೋದೆ. "ಚಳಿಗಾಲದಲ್ಲಿ ಟೂಸಾನಿಗೆ ಹೋಗಿದ್ಯಾ?" ಎಂದು ಕ್ಯಾರಲ್‌ಳನ್ನು ಕೇಳಿದೆ. ಪಾಪದ ಹುಡುಗಿ, ಮುಚ್ಚಿಡಲು ಅವಳಿಗೆ ಏನಿದೆ? ಅವಳ ಅಜ್ಜ ಅಜ್ಜಿ ಚಳಿ ತಪ್ಪಿಸಿಕೊಳ್ಳಲು ಪ್ರತಿ ವರ್ಷ ಅಲ್ಲಿಗೆ ಹೋಗುತ್ತಾರಂತೆ. ಅವರನ್ನು ನೋಡಲು ಹೋದವಳು ಜಮೀನಿನ ಕಾಗದದಲ್ಲಿದ್ದ ವಾರಸುದಾರನ ಮನೆ ಹುಡುಕಿಕೊಂಡು ಬಂದಳು. "ನೀವು ಅವರ ಅಕ್ಕ ಅಂತ ಗೊತ್ತೇ ಇರ್ಲಿಲ್ಲ ಆಂಟಿ," ಎಂದು ಅಳುವಂತಾದಳು. ನಿನ್ನ ಟೇಪು ಹಾಕು ಎಂದೆ. ಹಾಕಿದಳು.

ನಿನ್ನ ದನಿ ಚೆನ್ನಾಗಿ ಬಂದಿದೆ. "ಅದು ಮೀನಿನ ಹೊಗೆಗೂಡು. ಆಲ್ಡರ್ ಕಟ್ಟಿಗೆ ಹಾಕ್ತಿದ್ವಿ. ಗೋಡೆ ಎಲ್ಲ ಮೀನಿನ ಜಿಡ್ಡು, ಮಸಿ. ಕೊಳಕು ಜಾಗ. ನೀವು ಅದನ್ನ ಇಟ್ಕೋತೀರಿ ಅಂದ್ರೆ ಮೊದಲು ಚೆನ್ನಾಗಿ ತೊಳೀಬೇಕು." ನಡುವೆ ಡೊಲೊರೆಸ್ ದನಿ, ಇನ್ನೊಂದು ತುಂಡು ಕೇಕ್ ತಗೋಮ್ಮ ಅಂತ.

ತೊಳೆಯಬೇಕು ಅಂದವನು ನೀನು. ಅವರು ತೊಳೆದರು. ನಾನು ಒಂದು ತಿಂಗಳಿಂದ ಲಿಂಡಾಲ್‌ಗೆ ಶಾಪ ಹಾಕುತ್ತಿದ್ದೇನೆ.

ಆ ಕೊಳಕು ಜಾಗದಲ್ಲಿ ಅಮ್ಮ ಜನವರಿ ಚಳಿಯಲ್ಲಿ ನಿನ್ನನ್ನು ಹೆತ್ತಳು. ಹೊರಗೆ ಮರ ಸಿಡಿಯುವಂಥ ಚಳಿ, ಒಳಗೆ ಬೆಚ್ಚಗೆ, ಬಿಸಿನೀರು, ಒಂದು ಕ್ರಿಮಿಯೂ ಬದುಕದ ಗೋಡೆ. ಅಪ್ಪ ಸತ್ತಾಗ ಅವನ ಮೈ ತೊಳೆದದ್ದು ಅಲ್ಲಿ. ಮೊದಲ ಸ್ನಾನವೂ ಕಡೆಯ ಸ್ನಾನವೂ ಒಂದೇ ಹಲಗೆಯ ಮೇಲೆ. ಅದರ ಮೇಲೆ ಈಗ ಉಪ್ಪಿನ ಪೀಪಾಯಿ. ಎಲ್ಲ ಗೊತ್ತಿದ್ದೂ ನೀನು ನನಗೆ ನಿಂಬೆಕಾಯಿಯ ವಿಷಯ ಬರೆದೆ.

ಎಮಿಲ್ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ಕ್ಷಮೆ ಕೇಳಿದೆ. "ಒಳಗೆ ಬಾ," ಅಂದ. ಕಾಫಿ ಮಾಡಿದ. "ಹೇಳಿದ್ದು ಯಾರು ಅಂತ ಗೊತ್ತಾಯ್ತಾ?" ಎಂದು ಕೇಳಿದ. ನಾನು ಹೇಳಲಿಲ್ಲ. ನಿನ್ನ ಮೇಲಿನ ಪ್ರೀತಿಯಿಂದ ಅಲ್ಲ. ಹೇಳಲು ನನಗೇ ನಾಚಿಕೆಯಾಯಿತು.

24ಕ್ಕೆ ಮುಂಚೆ ನಿನ್ನ ಪತ್ರ ಲಿಂಡಾಲ್ ಮೇಜಿನ ಮೇಲಿರಬೇಕು. ನಾನು ಹೇಳಿದ್ದು ಸುಳ್ಳು ಅಂತ ಒಂದು ಸಾಲು. ಕಾರಣ ಬರೆಯಬೇಕಿಲ್ಲ.

ಸೈಮಾ


ಟೂಸಾನ್
12 ಜೂನ್ 1979

ಅಕ್ಕ,

ಕಾರಣ ಬೇಡವೆಂದೆ ನೀನು. ಆದರೂ ಕೇಳಿಸಿಕೊ.

ನೀನು ಎಂಟನೇ ತರಗತಿಗೆ ಶಾಲೆ ಬಿಟ್ಟು ಅಮ್ಮನ ಜತೆ ಹಾಲು ಕರೆಯಲು ನಿಂತೆ. ನಾನು ಊರಿನ ದೊಡ್ಡ ಶಾಲೆಗೆ ಹೋದೆ. ಅಲ್ಲಿ ಫಿನ್ನರ ಮಕ್ಕಳು ಬೆರಳೆಣಿಕೆ. ಮಿಸ್ ಹಾರ್ಲನ್ ಪ್ರತಿ ಸೋಮವಾರ ನನ್ನ ತಲೆ ಮೂಸಿ ನೋಡಿ, ಎಲ್ಲರೆದುರು ತಲೆ ತೊಳೆಯಲು ಪಂಪಿನ ಬಳಿಗೆ ಕಳಿಸುತ್ತಿದ್ದಳು. ಶನಿವಾರವಷ್ಟೇ ಸೌನಾದಲ್ಲಿ ಮಿಂದು ಬಂದವನನ್ನು. ಜತೆಯ ಹುಡುಗರು ಬೇರೆ: "ಬಿಳಿ ಬಟ್ಟೆ ಸುತ್ಕೊಂಡು ಕಪ್ಪು ಗುಡಿಸಲಿಗೆ ಹೋಗ್ತಾರಂತೆ, ಮಾಟ ಮಾಡ್ತಾರಂತೆ, ಅಪ್ಪ ಅಮ್ಮ ಎಲ್ಲ ಬೆತ್ತಲೆಯಂತೆ." "ಲೇ ಆರ್ವೋ, ನಿಮ್ಮಮ್ಮ ನಿನ್ನ ಹೆತ್ತಳೋ, ಹೊಗೆಗೆ ನೇತುಹಾಕಿ ಒಣಗಿಸಿದಳೋ?" ಇದನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಅಪ್ಪ ಕೊಡಲಿ ಹಿಡಿದು ಶಾಲೆಗೆ ಬರುತ್ತಿದ್ದ.

ನೌಕಾಪಡೆಗೆ ಸೇರುವಾಗ ಹುಟ್ಟಿದ ಜಾಗ ಕೇಳಿದರು. ಡುಲುತ್ ಆಸ್ಪತ್ರೆ ಎಂದೆ. ಡೊಲೊರೆಸ್‌ಗೂ ಅದೇ ಹೇಳಿದ್ದೇನೆ. ಅವಳು ಅದನ್ನೇ ನಂಬಿಕೊಂಡು ಮೂವತ್ತು ವರ್ಷದಿಂದ ನನ್ನ ಜತೆ ಇದ್ದಾಳೆ. ಆ ಹುಡುಗಿ ಬಂದು ಟೇಪ್ ಹಾಕಿದಾಗ ಅವಳು ನನ್ನ ಪಕ್ಕದಲ್ಲೇ ಕೂತಿದ್ದಳು. ನಾನು ಏನು ಹೇಳಬೇಕಿತ್ತು?

ನಿನ್ನ ಸುತ್ತ ನಮ್ಮವರೇ. ಅಲ್ಲಿ ಕೂತು ಹೆಮ್ಮೆಪಡುವುದು ಸುಲಭ. ಯಾರೂ ನಿನ್ನ ತಲೆ ಮೂಸಲಿಲ್ಲ.

ಇನ್ನೊಂದು ಮಾತು. ನಮ್ಮನ್ನು ಹೆತ್ತದ್ದು ಅಮ್ಮ. ನೋವು ತಿಂದದ್ದು ಅವಳ ಮೈ. ಊರೂರಿನ ಜನ ಐಸ್‌ಕ್ರೀಂ ನೆಕ್ಕುತ್ತ ನಿಂತು ಅವಳ ಹೆರಿಗೆಯ ವಿಷಯ ಓದಲಿ ಎಂದು ಅವಳು ಹೇಳಿದಳಾ? ಅವಳನ್ನು ನೀನು ಕೇಳಿದೆಯಾ? ಅವರು ನನ್ನನ್ನು ಕೇಳಲಿಲ್ಲ, ನನ್ನನ್ನು ಕೇಳಲಿಲ್ಲ ಎಂದು ಮೂರು ಪತ್ರ ಬರೆದವಳು, ಅಮ್ಮನನ್ನು ಒಂದು ಸಲ ಕೇಳಿದ್ದೀಯಾ?

ನಾನು ಲಿಂಡಾಲ್‌ಗೆ ಬರೆಯುವುದಿಲ್ಲ.

ಆರ್ವೋ


ಸುವಂತೊ
21 ಜೂನ್ 1979

ಆರ್ವೋ,

ಕೇಳಿರಲಿಲ್ಲ. ನಿನ್ನ ಪ್ರಶ್ನೆ ನ್ಯಾಯವಾದದ್ದು. ಅದರಿಂದ ನಿನ್ನ ಮೇಲಿನ ಕೋಪವೇನೂ ಇಳಿದಿಲ್ಲ. ಆದರೆ ನಿನ್ನ ಪತ್ರ ಬಂದ ದಿನವೇ ವೃದ್ಧಾಶ್ರಮಕ್ಕೆ ಹೋದೆ. ಮಿಸ್ ಹಾರ್ಲನ್ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಕೊಡಲಿ ಹಿಡಿದು ನಾನೇ ಬರುತ್ತಿದ್ದೆ.

ಅಮ್ಮ ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿದ್ದಳು. ಎಲ್ಲ ಹೇಳಿದೆ, ಬೋರ್ಡು, ಮೀನು, ತೊಳೆದ ಗೋಡೆ. ನಿನ್ನ ಹೆಸರು ಹೇಳಲಿಲ್ಲ. "ಸೌನಾ ಅಂತ, ನಾವು ಅಲ್ಲಿ ಹುಟ್ಟಿದ್ದು ಅಂತ ಬರೆಸ್ಲಾ ಅಮ್ಮ? ಬೇಡವಾ?" ಎಂದೆ.

ಅವಳು ಬೋರ್ಡಿನ ಮಾತೇ ಎತ್ತಲಿಲ್ಲ. "ಮಸಿ ತೊಳೆದ್ರಾ?" ಎಂದಳು.

"ಹೂಂ."

"ಪೂರ್ತಿ?"

"ಪೂರ್ತಿ."

ಅವಳ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿಯಿತು. ಜಮೀನು ಹೋದ ದಿನವೂ ಅವಳು ಹಾಗೇ ಕೂತಿದ್ದಳು, ನಿನಗೆ ನೆನಪಿರಬೇಕು. ಆಮೇಲೆ ಹೇಳಿದಳು: "ಓದೋರು ಏನಾದ್ರೂ ಓದ್ಕೊಳ್ಳಲಿ. ಗೋಡೆ ಬೆಳ್ಳಗಿರಬಾರದು. ಸೌನಾ ಕಾಯಿಸ್ಬೇಕು. ಎಮಿಲ್ ಹತ್ರ ಒಣಗಿದ ಬರ್ಚ್ ಕಟ್ಟಿಗೆ ಇರುತ್ತೆ, ಕೇಳು."

ಪಾರ್ಕಿನಲ್ಲಿ ಬೆಂಕಿ ಹಾಕುವಂತಿಲ್ಲ ಎಂದೆ.

"ನನ್ನ ಒಲೆಗೆ ಬೆಂಕಿ ಹಾಕೋಕೆ ನಾನು ಯಾವ ಸ್ವೀಡನ್ನಿನವನನ್ನ ಕೇಳ್ಬೇಕು?"

ನಿನ್ನೆ ಬೆಳಿಗ್ಗೆ ಎಮಿಲ್ ತನ್ನ ಕಾರು ತಂದ. ಡಿಕ್ಕಿ ತುಂಬ ಕಟ್ಟಿಗೆ, ಮೇಲೆ ಪಿಕ್‌ನಿಕ್ ಕಂಬಳಿ. ಗೇಟಿನವನು ಅಮ್ಮನನ್ನು ನೋಡಿ, "ಅಜ್ಜಿಗೆ ಸರೋವರ ತೋರಿಸ್ತಿದೀರಾ? ಒಳ್ಳೇದು," ಎಂದು ಕೈ ಬೀಸಿದ. ಎಮಿಲ್ ಕೊಕ್ಕೆಯಿಂದ ಮೀನುಗಳನ್ನು ಒಂದೊಂದಾಗಿ ಬಿಚ್ಚಿ ಹೊರಗೆ ಹುಲ್ಲಿನ ಮೇಲೆ ಸಾಲಾಗಿ ಮಲಗಿಸಿದ. ಉಪ್ಪಿನ ಪೀಪಾಯಿಯನ್ನು ನಾನು ಉರುಳಿಸಿಕೊಂಡು ಹೋಗಿ ದೋಣಿಕಟ್ಟೆಯ ಬಳಿ ಬಿಟ್ಟೆ. ಒಲೆಯ ಕಲ್ಲುಗಳನ್ನು ಯಾರೂ ಮುಟ್ಟಿರಲಿಲ್ಲ. ಅಮ್ಮ ಕುರ್ಚಿಯಲ್ಲಿ ಕೂತು, ಆ ದಿಮ್ಮಿ ಹಿಂದಕ್ಕೆ, ಈ ದಿಮ್ಮಿ ಅಡ್ಡಕ್ಕೆ ಎಂದು ಹೇಳುತ್ತಿದ್ದಳು. ಬೆಂಕಿ ಹತ್ತಿತು. ಬಾಗಿಲಿಂದ, ಮೇಲಿನ ಕಂಡಿಯಿಂದ ಹೊಗೆ ಹೊರಟು ಪೈನ್ ಮರಗಳ ಮೇಲೆ ಎದ್ದಿತು.

ಲಿಂಡಾಲ್ ಪಂಪ್ ಲಾರಿಯ ಜತೆ ಬಂದ, ಹಿಂದೆಯೇ ಕ್ಯಾರಲ್. ಅವನಿಗೆ ಏದುಸಿರು, ಟೋಪಿ ಇಲ್ಲ. ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ.

"ಏಳಿ ಮೇಡಂ, ಆರಿಸ್ಬೇಕು."

"ಆರಲ್ಲ."

"ಷೆರೀಫ್‌ನ ಕರೀತೀನಿ."

"ಕರೀರಿ. ಅವನೂ ನಮ್ಮ ಫಿನ್ನರೋನೇ, ಕಂಗಸ್ ಮನೆ ಮೊಮ್ಮಗ. ಟವಲ್ ತಗೊಂಡೇ ಬರ್ತಾನೆ."

ಟವಲ್ ತಂದಿರಲಿಲ್ಲ. ಜೀಪಿನಿಂದ ಇಳಿದು ಅಮ್ಮನ ಮುಂದೆ ಹ್ಯಾಟ್ ತೆಗೆದು, ನಮ್ಮ ಭಾಷೆಯಲ್ಲೇ, "ಏನಜ್ಜಿ ಇದು?" ಎಂದ.

"ಕಾಣ್ಸಲ್ವಾ? ಸೌನಾ ಕಾಯಿಸ್ತಿದೀವಿ. ಅಲ್ಲಿ ನಿಲ್ಬೇಡ, ಗಾಳಿಗೆ ಅಡ್ಡ ಆಗ್ತೀಯ."

ಅವನು ಬಾಗಿ ಒಳಗೆ ನೋಡಿ, ಲಿಂಡಾಲ್ ಕಡೆ ತಿರುಗಿದ. "ಸರ್, ಕಲ್ಲು ಕಾದು ಕೆಂಪಾಗಿದೆ. ಈಗ ಪೈಪ್ ಹಿಡಿದ್ರೆ ಕಲ್ಲು ಸಿಡಿದು ನಿಮ್ಮ ಹುಡುಗರ ಮುಖಕ್ಕೇ ಬರುತ್ತೆ. ಉರಿದು ಮುಗೀಲಿ. ಆಮೇಲೆ ಕೇಸ್ ಬರ್ಕೊಳ್ಳೋಣ."

"ಎಷ್ಟು ಹೊತ್ತು?"

"ಮಧ್ಯಾಹ್ನದ ಮೇಲಾಗುತ್ತೆ. ಕಾಫಿ ಇದ್ರೆ ತರಿಸಿ."

ಅಯೋವಾದ ಒಂದು ಸಂಸಾರ ದಾರಿ ಹಿಡಿದು ಬಂತು. ಹೆಂಗಸು ಹುಲ್ಲಿನ ಮೇಲಿನ ಮೀನುಗಳನ್ನು ನೋಡಿ, ಇವು ಮಾರಾಟಕ್ಕಾ ಎಂದಳು. "ಇಲ್ಲಮ್ಮ, ಇವು ಕೇಸಿನ ಸಾಕ್ಷಿ," ಎಂದ ಎಮಿಲ್.

ಬೆಂಕಿ ಆರಿತು. ಕೆಂಡ ತೆಗೆದು ಕಲ್ಲಿಗೆ ಮೊದಲ ನೀರು ಹಾಕಿ ಕೆಟ್ಟ ಗಾಳಿಯನ್ನು ಹೊರಗೆ ಬಿಟ್ಟು ಕಾದೆವು. ಆಮೇಲೆ ಗಂಡಸರನ್ನೆಲ್ಲ ಮರಗಳಾಚೆ ಕಳಿಸಿ, ಕ್ಯಾರಲ್ ಒಂದು ಕಡೆ ನಾನು ಒಂದು ಕಡೆ ಹಿಡಿದು ಅಮ್ಮನನ್ನು ಒಳಗೆ ಕೂರಿಸಿದೆವು. ಹುಡುಗಿಗೆ ಬಟ್ಟೆ ತೆಗೆಯಲು ಸಂಕೋಚ. ಅಮ್ಮ ಅವಳಿಗೆ ಏನೋ ಹೇಳಿದಳು. ಅನುವಾದಿಸು ಎಂದು ನನಗೆ ಹೇಳಿದಳು. "ನಿನ್ನಲ್ಲಿರೋದು ನಮ್ಮಲ್ಲೂ ಇದೆ, ಹಳೇದು ಅಷ್ಟೇ" ಎಂದು ಅರ್ಥ. ಆವಿ ಎದ್ದಿತು. ಅಮ್ಮ ಗೋಡೆಗೆ ಅಂಗೈ ಒತ್ತಿ ತೆಗೆದು ನೋಡಿದಳು. ಕಪ್ಪಾಗಿತ್ತು, ತುಸು.

ಕ್ಯಾರಲ್ ನೀರು ತರಲು ಹೋದಾಗ ಅಮ್ಮ ಕೇಳಿದಳು. "ಮೀನು ಅಂದವನು ಆರ್ವೋ ತಾನೆ?"

ನಾನು ಅವಳ ಬೆನ್ನು ತಿಕ್ಕತೊಡಗಿದೆ.

"ಆಶ್ರಮಕ್ಕೆ ಹೋದ್ಮೇಲೆ ಕಾಗದ ತಗೋ. ನಾನು ಹೇಳ್ತೀನಿ, ನೀನು ಬರಿ. ಒಂದು ಪದ ತಿದ್ದಬೇಡ."

ಇದು ಅವಳ ಮಾತು, ತಿದ್ದಿಲ್ಲ:

"ಆರ್ವೋ. ನಿಮ್ಮಕ್ಕ ನಿನ್ನ ಹೆಸರು ಹೇಳ್ಲಿಲ್ಲ. ಅವಳು ಹೇಳದೆ ಇದ್ದಾಗ್ಲೇ ಗೊತ್ತಾಯ್ತು, ಬೇರೆ ಯಾರಾದ್ರೂ ಆಗಿದ್ರೆ ಇಷ್ಟು ಹೊತ್ತಿಗೆ ಊರಿಗೆಲ್ಲ ಸಾರಿರೋಳು. ನಿನಗೆ ನಾಚಿಕೆ ಇದ್ದಿದ್ದು ನಂಗೆ ಆಗ್ಲೇ ಗೊತ್ತಿತ್ತು. ಭಾನುವಾರ ನೀನು ಸರೋವರಕ್ಕೆ ಹೋಗಿ ಮರಳು ಹಾಕಿ ತಲೆ ಉಜ್ಕೋತಿದ್ದೆ, ಕಿಟಕೀಲಿ ನೋಡ್ತಿದ್ದೆ. ಆಗ ಏನೂ ಅನ್ನಲಿಲ್ಲ. ಮಗು ಅಲ್ವಾ. ಈಗ ನೀನು ಮಗು ಅಲ್ಲ. ಎಲ್ಲಿ ಹೆತ್ತೆ ಅಂತ ಹೇಳೋದು ನಂದು, ಹೇಳದೆ ಇರೋದೂ ನಂದು. ನೀನು ಬಾಯಿ ಮುಚ್ಕೊಂಡಿದ್ದಿದ್ರೆ ನಾನೂ ಮುಚ್ಕೊಂಡಿರ್ತಿದ್ದೆ. ನೀನು ಮೀನಿನ ಗೂಡು ಅಂದೆ. ಹಾಗಾದ್ರೆ ನಾನು ಒಂದು ಹೆಣ್ಣು ಮಗೂನ, ಒಂದು ಮೀನನ್ನ ಹೆತ್ತೆ ಅಂತಾಯ್ತು. ಬೋರ್ಡಲ್ಲಿ ಹಾಗೇ ಬರೆಸ್ಲಾ? ನೀನು ಕೊಳಕು ಅಂದ ಗೋಡೆಗೆ ಒರಗಿ ಇವತ್ತು ಸ್ನಾನ ಮಾಡಿದೀನಿ, ಎಷ್ಟೋ ವರ್ಷದ ಮೇಲೆ ಇವತ್ತು ಶುಚಿಯಾಗಿದೀನಿ. ನೀನು ಬರ್ಬೇಕು ಅಂತ ನಾನು ಕೇಳಲ್ಲ. ಅತ್ತು ಕರೆದು ಕಾಗದ ಬರೀಬೇಡ. ಸುಳ್ಳು ನಿಂದು, ನೀನೇ ತೆಗಿ. ಕೊನೇಲಿ ಪ್ರೀತಿ ಗೀತಿ ಅಂತ ಸೇರಿಸ್ಬೇಡ ಅಂತ ಸೈಮಾಗೆ ಹೇಳಿದೀನಿ. ಕೋಪದಲ್ಲಿದೀನಿ. ಅಮ್ಮ."

ಲಿಂಡಾಲ್ ಕೇಸ್ ಹಾಕಲಿಲ್ಲ. ಬೋರ್ಡ್ ಕಳಚಿಸಿದ. ಆದರೆ ಬೇರೆಯದನ್ನು ಹಾಕಲು ಒಪ್ಪುತ್ತಿಲ್ಲ. "ಕಣ್ಣಾರೆ ನೋಡಿದೆ ಮೇಡಂ, ನನಗೆ ಗೊತ್ತಾಯ್ತು. ಆದರೆ ಫೈಲಿನಲ್ಲಿ ನಿಮ್ಮ ತಮ್ಮನ ಮಾತೇ ಇದೆ, ಮೇಲಿನವರು ಅದನ್ನೇ ಕೇಳ್ತಾರೆ," ಎನ್ನುತ್ತಾನೆ. ಭಾನುವಾರದ ಉದ್ಘಾಟನೆ ಬರೀ ಕಂಬದ ಮುಂದೆ ನಡೆಯುತ್ತದೆ.

ನಾನು ಇನ್ನು ಬರೆಯುವುದಿಲ್ಲ.

ಸೈಮಾ


ಟೂಸಾನ್, ಅರಿಜೋನಾ
27 ಜೂನ್ 1979

ಮ್ಯಾನೇಜರ್ ಲಿಂಡಾಲ್ ಅವರಿಗೆ
(ಪ್ರತಿ: ಸೈಮಾ ಹ್ಯಾಗನ್, ಸುವಂತೊ)

ಸ್ವಾಮಿ,

ಕಳೆದ ಚಳಿಗಾಲದಲ್ಲಿ ನಿಮ್ಮ ಕಚೇರಿಯ ಕ್ಯಾರಲ್ ಅವರಿಗೆ ನಾನು ಹೇಳಿದ್ದು ಸುಳ್ಳು. ಆ ಕಟ್ಟಡ ಮೀನಿನ ಗೂಡಲ್ಲ, ಸೌನಾ. ನನ್ನ ತಂದೆ ಓಸ್ಕರ್ ರಂಟಾ ಅದನ್ನು ಮನೆಗಿಂತ ಮೊದಲು ಕಟ್ಟಿದರು. ಮನೆ ಏಳುವವರೆಗೆ ನನ್ನ ತಂದೆತಾಯಿ ಅದರಲ್ಲೇ ವಾಸವಾಗಿದ್ದರು. ನನ್ನ ಅಕ್ಕ ಸೈಮಾ ಮತ್ತು ನಾನು ಅಲ್ಲಿ ಹುಟ್ಟಿದೆವು. ತಂದೆ ತೀರಿಕೊಂಡಾಗ ಅವರ ಮೈ ತೊಳೆದದ್ದು ಅಲ್ಲಿ. ಕಾಲು ಹಿಡಿದುಕೊಂಡಿದ್ದವನು ನಾನು. ಇದು ನನಗೆ ಚೆನ್ನಾಗಿ ನೆನಪಿದೆ. ನೆನಪಿಲ್ಲದೆ ಸುಳ್ಳು ಹೇಳಿದೆನೆಂದು ದಯವಿಟ್ಟು ಬರೆದುಕೊಳ್ಳಬೇಡಿ.

ಗೋಡೆ ಕೊಳಕೆಂದೂ ತೊಳೆಯಬೇಕೆಂದೂ ಹೇಳಿದವನು ನಾನು. ಆ ಹೊಣೆ ನಿಮ್ಮ ಕೆಲಸದವರದ್ದಲ್ಲ. ಆದರೆ ಇನ್ನು ಮುಂದೆ ತೊಳೆದರೆ ಅದು ನಿಮ್ಮದು.

ಹೊಸ ಬೋರ್ಡಿನಲ್ಲಿ ನನ್ನ ಹೆಸರು ಬೇಡ. ಹೆರಿಗೆಯ ವಿಷಯ ಬರೆಯುವುದೋ ಬಿಡುವುದೋ ಎಂಬುದನ್ನು ನನ್ನ ತಾಯಿ ಹಿಲ್ಯಾ ರಂಟಾ ಅವರನ್ನು ಕೇಳಿ. ಅವರು ನಿಮ್ಮ ಪಾರ್ಕಿನಿಂದ ಎರಡು ಮೈಲಿ ದೂರದಲ್ಲಿದ್ದಾರೆ. ಮೊದಲೇ ಕೇಳಬಹುದಾಗಿತ್ತು. ಅವರಿಗೆ ಇಂಗ್ಲಿಷ್ ಬಾರದು. ಹಾಗಾಗಿ ಅಕ್ಕನನ್ನು ಜತೆಗೆ ಕರೆದುಕೊಂಡು ಹೋಗಿ. ಕುರ್ಚಿ ಎಳೆದುಕೊಂಡು ಕೂತು ಕೇಳಿ. ಅವರು ಬೈದರೆ ಬೈಸಿಕೊಳ್ಳಿ.

ನನ್ನ ಕೈಬರಹ ಓದಲಾಗದು. ಅದಕ್ಕೆ ನಾನು ಹೇಳಿದಂತೆ ಈ ಪತ್ರವನ್ನು ನನ್ನ ಹೆಂಡತಿ ಟೈಪ್ ಮಾಡಿದ್ದಾಳೆ. ನಾನು ಹುಟ್ಟಿದ್ದು ಎಲ್ಲಿ ಎಂಬುದು ಅವಳಿಗೆ ಗೊತ್ತಾದದ್ದು ಐದನೆಯ ವಾಕ್ಯವನ್ನು ಟೈಪ್ ಮಾಡುವಾಗ. ಮುಂದಿನದನ್ನೆಲ್ಲ ಒಂದು ಮಾತೂ ಆಡದೆ ಟೈಪ್ ಮಾಡಿದಳು. ಈಗಲೂ ಮಾತಾಡುತ್ತಿಲ್ಲ.

ಆರ್ವೋ ರಂಟಾ